ಕರಗದ ಹಳದಿ

ಕುಣಿತ ಬಿಸಿಲು ಇಳಿದ ಮೇಲೆ ಮಾತ್ರ ಎಂದು ಲೋಕನಾಥ ಮಾವ ಒಪ್ಪಿದ್ದರು. ಆದರೆ ನಾನು ಕಚೇರಿಗೆ ಅರ್ಧ ದಿನ ರಜೆ ಹಾಕಿ ಮಣ್ಣಗುಡ್ಡ ತಲುಪಿದಾಗ ಸುಡುವ ಮಧ್ಯಾಹ್ನ. ತಾಸೆ ವಾದ್ಯದ ಪೆಟ್ಟು ಆಗಲೇ ಬೀದಿಯಲ್ಲಿತ್ತು. ಹುಲಿವೇಷದ ಸಾಲಿನಲ್ಲಿ ಎರಡನೆಯವನು ನನ್ನ ತಮ್ಮ ಅಶ್ವಿತ್.

ಹರಕೆ ಅಮ್ಮನದು. ಕಳೆದ ವರ್ಷ ಅಶ್ವಿತ್ ಅಂಗಡಿಯಲ್ಲಿ ಫಿಟ್ಸ್ ಬಂದು ಬಿದ್ದಾಗ, ಅದು ನಿಂತರೆ ಮೂರು ನವರಾತ್ರಿ ಅವನಿಂದ ಹುಲಿವೇಷ ಹಾಕಿಸುತ್ತೇನೆ ಎಂದು ಅವಳು ದೇವಿಗೆ ಹೇಳಿಕೊಂಡಿದ್ದಳು. ಡಾಕ್ಟರು ಟೋಪಿರಮೇಟ್ ಬರೆದುಕೊಟ್ಟರು. ಫಿಟ್ಸ್ ನಿಂತಿತು. ಯಾವುದರಿಂದ ನಿಂತಿತು ಎಂಬ ಮಾತು ನಮ್ಮ ಮನೆಯಲ್ಲಿ ಬರಲೇ ಇಲ್ಲ.

ಅದೇ ಮಾತ್ರೆಯನ್ನು ನಾನೂ ಅರೆತಲೆನೋವು ಬಾರದಿರಲೆಂದು ಸಣ್ಣ ಪ್ರಮಾಣದಲ್ಲಿ ನುಂಗುತ್ತೇನೆ. ಬೆರಳ ತುದಿ ಜುಮುಗುಡುವುದು, ಸೋಡಾ ಸಪ್ಪೆಯಾಗುವುದು ನನಗೆ ಗೊತ್ತು. ಬೆವರು ಕಡಿಮೆಯಾಗಬಹುದು, ಬಿಸಿಲಿಗೆ ಮೈ ಕಾದರೆ ಕಾವು ಬೇಗ ಇಳಿಯದು ಎಂದು ಡಾಕ್ಟರು ಇಬ್ಬರಿಗೂ ಹೇಳಿದ್ದರು. ಹುಲಿವೇಷದ ವಿಷಯ ಕೇಳಿದಾಗ ಬೇಡ ಎಂದೇ ಹೇಳಿದರು. ಹಾಗಾದರೆ ಒಂದು ವಾರ ಮಾತ್ರೆ ಬಿಟ್ಟರಾಯಿತಲ್ಲ ಎಂದಳು ಅಮ್ಮ.

"ಬಿಟ್ರೆ ಬೀದಿಯಲ್ಲೇ ಫಿಟ್ಸ್ ಬರಬಹುದು. ನೀವಾಗಿ ಯಾವತ್ತೂ ನಿಲ್ಲಿಸ್ಬೇಡಿ" ಎಂದರು ಡಾಕ್ಟರು.

ಡಾಕ್ಟರರ 'ಬೇಡ'ವನ್ನು 'ಬಿಸಿಲು ಇಳಿದ ಮೇಲೆ' ಎಂದು ಮಾಡಿಕೊಂಡವರು ನಾವು.

"ನೋಡು ಅಪೇಕ್ಷಾ, ನಿನ್ನ ತಮ್ಮನ ಬಣ್ಣ!" ಎಂದರು ಮಾವ. ತಂಡ ಅವರದೇ. "ಬೇರೆಯವರದ್ದೆಲ್ಲ ಕರಗಿ ಹೋಯ್ತು. ಇವನದ್ದು ಈಗಷ್ಟೇ ಬರೆದ ಹಾಗೆ ಉಂಟು."

ನಿಜ. ಉಳಿದವರ ಕಂಕುಳಲ್ಲಿ ಕಪ್ಪು ಪಟ್ಟೆಗಳು ಹಳದಿಗೆ ಇಳಿದು ಕೆಸರಾಗಿದ್ದವು. ಮೂಗಿನ ತುದಿಯಿಂದ ಹನಿ ಬೀಳುತ್ತಿತ್ತು. ಅಶ್ವಿತನ ಹಣೆ ಸುಣ್ಣ ಬಳಿದ ಗೋಡೆಯ ಹಾಗೆ ಒಣಗಿತ್ತು.

"ಮಾವ, ಅವನಿಗೆ ಬೆವರೇ ಬರ್ತಾ ಇಲ್ಲ. ಅದಕ್ಕೇ ಬಣ್ಣ ಹೋಗದ್ದು. ನಿಲ್ಸಿ."

"ಬೆವರದಿದ್ರೆ ಒಳ್ಳೇದಲ್ವಾ? ನೀನು ಯಾವಾಗ ಡಾಕ್ಟರಾದ್ದು? ನಿನ್ನ ಸಂಜೆ ಕಾಲೇಜಲ್ಲಿ ಅದೂ ಉಂಟಾ?"

ತಾಸೆಯವರು ನಕ್ಕರು. ನನಗೂ ಅನುಮಾನವಾಯಿತು. ಬಣ್ಣವೇ ಒಳ್ಳೆಯದಿರಬಹುದು. ಇಷ್ಟು ಜನರೆದುರು ಕುಣಿತ ನಿಲ್ಲಿಸಿ, ಅವನಿಗೆ ಏನೂ ಆಗಿರದಿದ್ದರೆ? ಆದರೂ ಪಕ್ಕದಲ್ಲೇ ನಡೆದೆ.

"ಅಶ್ವಿತ್, ಬೆಳಿಗ್ಗೆ ಮಾತ್ರೆ ತೆಗೊಂಡಿದ್ದೀಯಾ?"

ಹೌದೆಂದು ತಲೆಯಾಡಿಸಿದ. "ಅಕ್ಕ... ಅದು... ಎಂತದು..." ಮಾತು ಸಿಗಲಿಲ್ಲ. ಈ ಮಾತ್ರೆಗೆ ನನಗೂ ಕೆಲವೊಮ್ಮೆ ಮಾತು ತಡೆಯುತ್ತದೆ. ಅಷ್ಟೇ ಇರಬಹುದು ಎಂದುಕೊಂಡು ಅವನ ತೋಳು ಮುಟ್ಟಿದೆ. ಕಾದ ಕಾವಲಿ ಮುಟ್ಟಿದ ಹಾಗಿತ್ತು. ನನ್ನ ಅಂಗೈಗೆ ಒಂದು ಚೂರೂ ಬಣ್ಣ ಹತ್ತಲಿಲ್ಲ.

ಅಷ್ಟರಲ್ಲಿ ಅವನು ಸಾಲು ಬಿಟ್ಟು, ತೂರಾಡುತ್ತ ಒಂದು ಮನೆಯ ಕಾಂಪೌಂಡಿಗೆ ಹೋಗಿ ಒರಗಿದ. ಜನ ಸಿಳ್ಳೆ ಹಾಕಿದರು. "ಹುಲಿ ಮೈಮೇಲೆ ಬಂತು ಮಾರಾಯ" ಎಂದು ಯಾರೋ ಹೇಳಿದ್ದೇ ತಾಸೆ ಇನ್ನೂ ಜೋರಾಯಿತು. ಅವನ ಮೊಣಕಾಲು ಕುಸಿಯಿತು.

ನಾನು ಅವನ ನೆತ್ತಿಗೆ ಕಟ್ಟಿದ್ದ ಹುಲಿಯ ತಲೆ ಕಳಚಲು ಕೈ ಹಾಕಿದೆ. ಮಾವ ನನ್ನ ಮಣಿಕಟ್ಟು ಹಿಡಿದರು.

"ದೇವಸ್ಥಾನ ಮುಟ್ಟುವ ಮೊದಲು ಮಂಡೆ ತೆಗೀಲಿಕ್ಕೆ ಇಲ್ಲ, ಮೈಗೆ ನೀರು ಹಾಕ್ಲಿಕ್ಕೂ ಇಲ್ಲ. ಹರಕೆ ಅರ್ಧಕ್ಕೆ ನಿಂತ್ರೆ ನಿನ್ನ ಅಮ್ಮನಿಗೆ ಉತ್ತರ ಕೊಡುವವರು ಯಾರು?"

ಹೂವಿನ ಹರಿವಾಣ ಹಿಡಿದು ಹಿಂದೆ ಬರುತ್ತಿದ್ದ ಅಮ್ಮ ಜನರನ್ನು ಸರಿಸಿ ಮುಂದೆ ಬಂದಳು.

"ಮೈ ಕಾದಿದೆ, ಅಮ್ಮ. ಬೆವರಿಲ್ಲ. ಈಗಲೇ ತಣ್ಣಗೆ ಮಾಡ್ಬೇಕು."

"ನಿನಗೆ ಖಂಡಿತ ಗೊತ್ತುಂಟಾ?"

"ಖಂಡಿತ ಗೊತ್ತಿಲ್ಲ. ಮುಟ್ಟಿ ನೋಡು."

ಅಮ್ಮ ಅವನ ಕತ್ತಿನ ಮೇಲೆ ಅಂಗೈ ಇಟ್ಟಳು, ಫಕ್ಕನೆ ತೆಗೆದಳು. ಹರಿವಾಣವನ್ನು ಮಾವನ ಕೈಗೆ ಕೊಟ್ಟು, ಆ ಮನೆಯ ಜಗಲಿಯಲ್ಲಿದ್ದ ನೀರಿನ ಬಕೆಟ್ ಎತ್ತಿಕೊಂಡಳು.

"ಹರಕೆ ಹೇಳಿದ್ದು ನಾನು, ಲೋಕನಾಥ. ನೀರೂ ನಾನೇ ಹಾಕ್ತೇನೆ. ಮಂಡೆ ತೆಗಿ."

ತಾಸೆ ನಿಂತಿತು. ಬಕೆಟ್ ಬರಿದಾಗುವವರೆಗೆ ಅವಳು ಸುರಿದಳು. ಪಟ್ಟೆಗಳು ಕಲಸಿ ಹಳದಿ ನೀರು ಚರಂಡಿಗೆ ಹರಿಯಿತು. ಮನೆಯವರ ಮಗ ಗ್ಲೆನ್ ಕಾರು ತೆಗೆದ. ಸೀಟೆಲ್ಲ ಬಣ್ಣ ಮಾಡುತ್ತ, ಒದ್ದೆ ಬಟ್ಟೆಯಿಂದ ಗಾಳಿ ಹಾಕುತ್ತ ಆಸ್ಪತ್ರೆ ಸೇರಿದೆವು. ಅಶ್ವಿತ್ ಕಣ್ಣು ಮುಚ್ಚಿದ್ದ. ನೆತ್ತಿಗೆ ಹತ್ತೀತೆಂದು ಬಾಯಿಗೆ ನೀರು ಬಿಡಲು ನನಗೆ ಧೈರ್ಯ ಬರಲಿಲ್ಲ. ನರ್ಸ್ ಕೇಳುವ ಮೊದಲೇ ಮಾತ್ರೆಯ ಹೆಸರು, ಅದು ಯಾತಕ್ಕೆಂಬುದು, ಬೆಳಿಗ್ಗೆ ನುಂಗಿದ್ದು, ಬೆವರದಿದ್ದದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಥರ್ಮಾಮೀಟರಿನ ಅಂಕಿ ಇಳಿಯತೊಡಗಿದ ಮೇಲೆ ಅವನು ಕಣ್ಣು ಬಿಟ್ಟ. "ನಾನು ಬಿದ್ದೆನಾ ಅಕ್ಕ?"

"ಇಲ್ಲ. ಬೀದಿಯಲ್ಲಿ ನಿನಗೆ ಅಮ್ಮ ಸ್ನಾನ ಮಾಡಿಸಿದ್ದು."

ಸಂಜೆ ಮಾವ ವಾರ್ಡಿನ ಬಾಗಿಲಲ್ಲಿ ಬಂದು ನಿಂತರು. ಕಂಕುಳಲ್ಲಿ ಹುಲಿಯ ತಲೆ, ಅದರ ಹಣೆಗೆ ಕುಂಕುಮ. "ಇದನ್ನು ಮಾತ್ರ ದೇವಸ್ಥಾನಕ್ಕೆ ಮುಟ್ಟಿಸಿ ಬಂದೆ. ಭಟ್ರು ಎಂತ ಹೇಳ್ಲಿಲ್ಲ." ಹುಲಿಯ ತಲೆಯನ್ನು ಕೆಳಗಿಟ್ಟು ಕೇಳಿದರು, "ಬಾಕಿ ಎರಡು ವರ್ಷ?"

"ಮಂಡೆ ಹೋಗ್ತದೆ, ಅವನಲ್ಲ" ಎಂದಳು ಅಮ್ಮ, ಅಶ್ವಿತನ ಕಿವಿಯ ಹಿಂದೆ ಉಳಿದ ಹಳದಿಯನ್ನು ಸೆರಗಿನಿಂದ ಒರೆಸುತ್ತ. ಆಮೇಲೆ ನನ್ನ ಕಡೆ ತಿರುಗಿದಳು. "ಇವನ ರಾತ್ರಿಯ ಮಾತ್ರೆ ಆಸ್ಪತ್ರೆಯವರು ಕೊಡುವುದಾ, ನಾವು ಕೊಡುವುದಾ? ಹೋಗಿ ಕೇಳಿ ಬಾ. ತಪ್ಪಬಾರದು."