ಬ್ಯಾರನ್ನನ ಕೆಳಗಿನವನು

"ಈ ಕೆಳಗೆ ಬಗ್ಗಿದ್ದಾನಲ್ಲ ಬಡ್ಡಿಮಗ, ಇವನು ನನ್ನ ಆಳು. ಕಲ್ಲು ಉಜ್ಜೋಕೆ ಅಂತ ಬಾಡಿಗೆಗೆ ಕೊಟ್ಟಿದ್ದು. ಬಗ್ಗೋಕಲ್ಲ. ಬಗ್ಗಿಸೋದಿದ್ರೆ ಅದರ ಬಾಡಿಗೆ ಬೇರೆ."

ಕಾಫಿ ತೋಟದ ಧಣಿ ಬ್ಯಾರನ್, ಅಂಗಡಿಯ ಕಿಟಕಿಗೆ ಅಂಟಿಸಿದ್ದ ಹಸಿ ಅಚ್ಚಿನ ಹಾಳೆಯನ್ನು ಕಿತ್ತು ತಂದು ಅಡೋಲ್ಫೊನ ಮೇಜಿನ ಮೇಲೆ ಬಡಿದ. ವಾರಕ್ಕೊಮ್ಮೆ ಗುಲಾಮರ ಧಣಿಗಳ ಮಾನವನ್ನು ರಿಯೊ ಪಟ್ಟಣದ ಬೀದಿಯಲ್ಲಿ ಹರಾಜು ಹಾಕುವ ವ್ಯಂಗ್ಯಚಿತ್ರದ ಪತ್ರಿಕೆ ಅಡೋಲ್ಫೊನದು. ಈ ಸಲದ ಚಿತ್ರದಲ್ಲಿ ಬ್ಯಾರನ್ ಒಬ್ಬ ಕರಿಯನ ಬೆನ್ನ ಮೇಲೆ ಕಾಲಮೇಲೆ ಕಾಲು ಹಾಕಿ ಕೂತು, 'ಇವನನ್ನು ತಂದೆಯಂತೆ ಹೊತ್ತು ಸಾಕುತ್ತಿದ್ದೇನೆ' ಎನ್ನುತ್ತಿದ್ದ. ಶಾಸನಸಭೆಯಲ್ಲಿ ಎದ್ದು ನಿಂತು ಅವನು ಹೇಳಿದ್ದೂ ಅದನ್ನೇ. ಅಡೋಲ್ಫೊ ಒಂದಕ್ಷರವನ್ನೂ ಕೂಡಿಸಿರಲಿಲ್ಲ.

ಆ ಬೆನ್ನು ನನ್ನದು. ಹೆಸರು ಕೋಸ್ಮೆ. ಬ್ಯಾರನ್ನನ ಮೇಸ್ತ್ರಿ ನನ್ನನ್ನು ಈ ಕಲ್ಲಚ್ಚಿನ ಅಂಗಡಿಗೆ ಬಾಡಿಗೆಗೆ ಬಿಟ್ಟಿದ್ದ. ಯಾವ ಅಂಗಡಿ, ಅಲ್ಲೇನು ಅಚ್ಚಾಗುತ್ತದೆ ಎಂದು ಬ್ಯಾರನ್ ಕೇಳಿರಲಿಲ್ಲ, ದುಡ್ಡು ಬಂದರೆ ಸಾಕಿತ್ತು. ಅಡೋಲ್ಫೊ ಮೇಣದ ಕಡ್ಡಿಯಿಂದ ಚಪ್ಪಟೆ ಕಲ್ಲಿನ ಮೇಲೆ ಚಿತ್ರ ಬರೆಯುತ್ತಿದ್ದ. ಜೆಫೆರಿನೊ ಚಕ್ರ ತಿರುಗಿಸಿ ಅಚ್ಚು ಹಾಕುತ್ತಿದ್ದ. ಅಚ್ಚು ಮುಗಿದ ಮೇಲೆ ನಾನು ಮರಳು, ನೀರು ಹಾಕಿ ಉಜ್ಜಿ ಕಲ್ಲನ್ನು ಬೋಳು ಮಾಡುತ್ತಿದ್ದೆ. ಚಿತ್ರಕ್ಕೆ ಗುಲಾಮ ಬೇಕಾದಾಗಲೆಲ್ಲ ನನಗೇ ಕರೆ. ಅಡೋಲ್ಫೊ ನನ್ನ ಅಂಗಿ ಬಿಚ್ಚಿಸಿ, ಮಂಡಿಯೂರಿಸಿ, ಬೆನ್ನ ಮೇಲೆ ಮರಗೆಣಸಿನ ಹಿಟ್ಟಿನ ಮೂಟೆ ಹೇರಿಸಿ, "ಇನ್ನೂ ಬಗ್ಗು ಕೋಸ್ಮೆ. ಮುಖದಲ್ಲಿ ದುಃಖ ಸಾಲದು. ದೇಶ ನಿನ್ನ ನೋಡಿ ಕಣ್ಣೀರು ಹಾಕಬೇಕು" ಎನ್ನುತ್ತಿದ್ದ. ದೇಶ ಕಣ್ಣೀರು ಹಾಕುತ್ತಿತ್ತು. ಮೂಟೆಯನ್ನು ಮಾತ್ರ ನಾನೇ ಇಳಿಸಿಕೊಳ್ಳಬೇಕಿತ್ತು.

ಗುಲಾಮಗಿರಿ ಬೇಡ ಎನ್ನುವವರು ಗುಲಾಮನನ್ನು ಬಾಡಿಗೆಗೆ ಹಿಡಿಯಬಹುದೇ ಎಂದು ಜೆಫೆರಿನೊ ಒಮ್ಮೆ ಕೇಳಿಬಿಟ್ಟಿದ್ದ. ಅವನು ಸ್ವತಂತ್ರ ಕರಿಯ, ಬಾಯಿ ಜೋರು. "ನಾನೇನು ಕೊಂಡುಕೊಂಡಿಲ್ಲವಲ್ಲ" ಎಂದಿದ್ದ ಅಡೋಲ್ಫೊ.

ಈಗ ಅದೇ ಅಡೋಲ್ಫೊ ಮೀಸೆ ತಿರುವುತ್ತ, "ನಮ್ಮ ಪತ್ರಿಕೆ ಯಾರಿಗೂ ಹೆದರಲ್ಲ ಬ್ಯಾರನ್ನರೇ" ಎಂದ.

"ಹೆದರಿಸೋಕೆ ಯಾರು ಬಂದ್ರು? ಆ ಕಲ್ಲನ್ನ ಉಜ್ಜಿಸಿಬಿಡಿ. ಇವನಿಗೆ ಬಿಡುಗಡೆ ಕೊಡ್ತೀನಿ. ಬೇಕಾದ್ರೆ ಅದನ್ನೇ ಹಾಕ್ಕೊಳ್ಳಿ ಪತ್ರಿಕೇಲಿ."

ಅಡೋಲ್ಫೊನ ಕಣ್ಣು ತುಂಬಿ ಬಂತು. ಸುಳ್ಳೇಕೆ ಹೇಳಲಿ, ಹುಟ್ಟಿದಾಗಿನಿಂದ ನಾನು ಕಾದದ್ದು ಆ ಒಂದು ಮಾತಿಗೆ.

"ಯಾವಾಗ್ಲಿಂದ ಬುದ್ಧಿ?" ಎಂದು ಕೇಳಿದೆ.

"ನಾನು ಸತ್ತ ದಿನದಿಂದ. ಅಲ್ಲೀವರೆಗೂ ಕಾಫಿ ತೋಟದಲ್ಲಿ ಗೇಯಬೇಕು. ಪಟ್ಟಣದ ಗಾಳಿ ತಗುಲಿ ನಿನಗೆ ಸೊಕ್ಕು ಬಂದಿದೆ."

ಬ್ಯಾರನ್ ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ಹಂದಿಮಾಂಸ ತಿಂದು ಗುಂಡುಕಲ್ಲಿನ ಹಾಗಿದ್ದ. ಅವನ ತೋಟಕ್ಕೆ ಹೋದ ಆಳು ಎಷ್ಟು ಕಾಲ ಬಾಳುತ್ತಾನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಷರತ್ತು ಇದ್ರೇನು, ಬಿಡುಗಡೆ ಬಿಡುಗಡೆಯೇ" ಎಂದ ಅಡೋಲ್ಫೊ. "ಏನು ನೋಡ್ತೀಯ ಕೋಸ್ಮೆ, ಮಂಡಿಯೂರು. ಕೈಗೆ ಮುತ್ತಿಡು."

ಮಂಡಿಯೂರಿ ಮುತ್ತಿಟ್ಟೆ. ಬ್ಯಾರನ್ ಆ ಕೈಯನ್ನು ಮೇಜಿನ ಮೇಲಿದ್ದ ಹಾಳೆಗೆ ಒರೆಸಿಕೊಂಡ. ಹಸಿ ಮಸಿ ಅಂಗೈಗೆಲ್ಲ ಮೆತ್ತಿತು. ಅಡೋಲ್ಫೊ ತನ್ನ ರೇಷ್ಮೆ ಕರವಸ್ತ್ರ ಕೊಟ್ಟ. ಸಂಜೆಯೊಳಗೆ ಕಲ್ಲು ಬೋಳಾಗಿರಬೇಕೆಂದು ನನಗೆ ಹೇಳಿ, ಇಬ್ಬರೂ ಊಟಕ್ಕೆಂದು ಹೋಟೆಲಿಗೆ ಹೊರಟರು.

"ಏನ್ಲಾ, ಬಿಡುಗಡೆ ಆಯ್ತಂತಲ್ಲ" ಎಂದ ಜೆಫೆರಿನೊ. "ಆ ನನ್ಮಗ ಯಾವಾಗ ಸಾಯ್ತನಂತೆ?"

"ನಾನ್ ಸತ್ತು ಮಣ್ಣಾದ್ ಮ್ಯಾಲೆ."

"ಉಜ್ಜಾಕು ಮತ್ತೆ. ನಿನ್ ಯೋಗ್ಯತೆ ಅಷ್ಟೇಯ."

ಕಲ್ಲಿನ ಮುಂದೆ ಕೂತೆ. ಮರಳನ್ನು ಮುಟ್ಟಲಿಲ್ಲ. ಒಂದು ಸಣ್ಣ ಉಜ್ಜುಗಲ್ಲು ತೆಗೆದುಕೊಂಡು ಮೊದಲು ನನ್ನ ಮುಖವನ್ನು ಉಜ್ಜಿ ತೆಗೆದೆ. ಅಡೋಲ್ಫೊ ಅಷ್ಟು ಪ್ರೀತಿಯಿಂದ ಬರೆದಿದ್ದ ದುಃಖ ಹೋಯಿತು. ಆಮೇಲೆ ಕೈ, ಮಂಡಿ, ಕೊನೆಗೆ ಬೆನ್ನು. ಬ್ಯಾರನ್ನನ ಕೋಟಿನ ಒಂದು ಗುಂಡಿಯನ್ನೂ ಮುಟ್ಟಲಿಲ್ಲ. ಉಜ್ಜಿದ ಜಾಗ ಮಸಿ ಹಿಡಿಯದಂತೆ ಗೋಂದಿನ ನೀರು ಬಳಿದು ಕಲ್ಲನ್ನು ಯಂತ್ರಕ್ಕೆ ಏರಿಸಿದೆ.

ಮೊದಲ ಹಾಳೆ ಎತ್ತಿ ನೋಡಿದ ಜೆಫೆರಿನೊ ಹೊಟ್ಟೆ ಹಿಡಿದುಕೊಂಡ. "ಗಾಳೀಲಿ ಕುಂತವ್ನಲ್ಲೋ ಬೋಳಿಮಗ. ಇನ್ನೇನ್ ಬಿದ್ದ." ಆಮೇಲೆ ನಗು ನಿಲ್ಲಿಸಿ ಕೇಳಿದ, "ನಿನ್ ಬಿಡುಗಡೆ ಕತೆ?"

"ಅವ್ನ್ ಹೆಣದ್ ಹಿಂದೆ ಬರೋ ಬಿಡುಗಡೆ ಅವ್ನೇ ಮಡೀಕಳ್ಲಿ. ನೀ ತಿರುಗ್ಸು."

ಇಬ್ಬರು ಧಣಿಗಳೂ ಕೈ ಕೈ ಹಿಡಿದುಕೊಂಡು ವಾಪಸು ಬರುವಷ್ಟರಲ್ಲಿ ಪತ್ರಿಕೆ ಮಾರುವವರು ಮೊದಲ ಕಟ್ಟನ್ನು ಒಯ್ದಾಗಿತ್ತು. ಹೊಸ ಹಾಳೆ ಅಂಟಿಸಿದ್ದ ಕಿಟಕಿಯ ಮುಂದೆ ಜಾತ್ರೆಯಂತೆ ಜನ. ಮಿಠಾಯಿ ಮಾರುವವಳೊಬ್ಬಳು ತಟ್ಟೆ ಕೆಳಗಿಟ್ಟು, ಬ್ಯಾರನ್ನನ ಹಾಗೆ ಏನೂ ಇಲ್ಲದ ಕಡೆ ಕೂತು ತೋರಿಸಲು ಹೋಗಿ ಬೀದಿಯಲ್ಲಿ ಅಂಡೂರಿ ಬಿದ್ದಳು. ಜನ ನಕ್ಕು ನಕ್ಕು ಸುಸ್ತಾದರು. ಬ್ಯಾರನ್ ಅವರ ನಡುವೆ ದಾರಿ ಮಾಡಿಕೊಂಡು ಒಳಗೆ ಬರಬೇಕಾಯಿತು.

"ಇವನನ್ನ ತಿರುಗಿ ನನ್ನ ಕೆಳಗೆ ಬರೀರಿ" ಎಂದ ಅಡೋಲ್ಫೊನಿಗೆ. "ಈಗಲೇ ಬರೀರಿ. ಮೊದಲಿನದೇ ವಾಸಿ."

ಅಡೋಲ್ಫೊ ಮೇಣದ ಕಡ್ಡಿ ಹುಡುಕಿ ತೆಗೆದ. "ಬಗ್ಗು ಕೋಸ್ಮೆ."

"ಬಗ್ಗಕಿಲ್ಲ ಬುದ್ಧಿ."

"ನಿನ್ನ ಒಳ್ಳೇದಕ್ಕೇ ಕಣಯ್ಯ ಹೇಳ್ತಿರೋದು. ಎಷ್ಟು ಸಲ ಬಗ್ಗಿಲ್ಲ ನೀನು?"

"ನೀವೇ ಬಗ್ಗಿ ಬುದ್ಧಿ. ಚಿತ್ರ ಚೆಂದಾಗ್ ಬತ್ತದೆ."

ಜೆಫೆರಿನೊ ಚಕ್ರ ನಿಲ್ಲಿಸಿರಲಿಲ್ಲ. ಹಾಳೆಯ ಮೇಲೆ ಹಾಳೆ ಬೀಳುತ್ತಲೇ ಇತ್ತು. ಮೇಸ್ತ್ರಿಯನ್ನು ಹಗ್ಗದ ಸಮೇತ ಕರೆತರಲು ಬ್ಯಾರನ್ ಗಾಡಿಯವನನ್ನು ಅಟ್ಟಿದ. ಅವನು ಬರುವ ತನಕ ಕೂತಿರಲು ಒಂದು ಕುರ್ಚಿ ಕೇಳಿದ. ನಾನು ನಿಂತ ಕಡೆಯಿಂದ ಅಲುಗಲಿಲ್ಲ. ಇನ್ನೊಂದು ಸಲ ಕೇಳಿದ. ಯಾರೂ ತರಲಿಲ್ಲ.