ಎರಡು ಕಿಲೋ

"ಇನ್ನೂ ಇನ್ನೂರು ಗ್ರಾಂ ಇಳೀಬೇಕು," ಎಂದು ಭಾವ ತೂಕದ ಯಂತ್ರದ ಮೇಲೆ ಬಗ್ಗಿ ಹೇಳಿದಾಗ ಕಡ್ಡಿಗೆ ಅಳುವೇ ಬಂತು. ಆದರೆ ಅಳುವುದಕ್ಕೂ ಮೈಯಲ್ಲಿ ನೀರಿರಬೇಕಲ್ಲ! ನಿನ್ನೆ ಬೆಳಗಿನಿಂದ ಒಂದು ತೊಟ್ಟು ನೀರು ಗಂಟಲಿಗೆ ಇಳಿದಿರಲಿಲ್ಲ. ನಾಲಗೆ ಬಾಯೊಳಗೆ ಯಾರೋ ಇಟ್ಟು ಮರೆತುಹೋದ ಚರ್ಮದ ತುಂಡಿನ ಹಾಗೆ ಬಿದ್ದಿತ್ತು.

ಹೊಟೇಲಿನ ಬಚ್ಚಲುಮನೆಯ ಬಾಗಿಲ ಸಂದಿಗೆ ಟವೆಲು ತುರುಕಿ ಬಿಸಿನೀರಿನ ನಲ್ಲಿಯನ್ನು ಪೂರ್ತಿ ಬಿಟ್ಟಿದ್ದರು. ಹಬೆಯಲ್ಲಿ ಕನ್ನಡಿಯೂ ಕಾಣುತ್ತಿರಲಿಲ್ಲ. ಕಡ್ಡಿ ಮತ್ತೆ ರಬ್ಬರಿನ ಅಂಗಿ ತೊಟ್ಟ, ಅದರ ಮೇಲೆ ಎರಡು ಸ್ವೆಟರು ಏರಿಸಿದ, ನಿಂತಲ್ಲೇ ಕುಣಿಯತೊಡಗಿದ. ಬಾಯಿಗೆ ಹಾಕಿಕೊಂಡ ಚೂಯಿಂಗ್ ಗಮ್ ಜಗಿದು ಜಗಿದು ಬಂದಷ್ಟು ಎಂಜಲನ್ನು ಬಾಟಲಿಗೆ ಉಗುಳಬೇಕು. ಎಂಜಲಿಗೂ ತೂಕವಿದೆ ಎಂಬುದು ಈ ಕಸುಬಿನವರಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

ಕಡ್ಡಿ ಎಂದು ಹೆಸರಿಟ್ಟದ್ದು ಭಾವನೇ. ಅಕ್ಕನ ಮದುವೆಯಾದ ವರ್ಷ, ಹನ್ನೊಂದರ ಹುಡುಗನನ್ನು ತನ್ನ ಜಿಮ್ಮಿಗೆ ಕರೆದುಕೊಂಡು ಹೋಗಿ, ಈ ಕಡ್ಡಿಯನ್ನು ಬಾಕ್ಸರ್ ಮಾಡದಿದ್ದರೆ ಕೇಳಿ ಎಂದು ಎಲ್ಲರೆದುರು ಪಂಥ ಕಟ್ಟಿದ್ದ. ಮಾಡಿದ ಕೂಡ. ಈಗ ಕಡ್ಡಿಗೆ ಇಪ್ಪತ್ತೊಂಬತ್ತು. ಹೆಸರಷ್ಟೇ ಕಡ್ಡಿ, ಮೈ ಅರವತ್ತೇಳು ಕಿಲೋ. ಅದನ್ನು ಪ್ರತಿ ಪಂದ್ಯಕ್ಕೂ ಅವನ ವರ್ಗದ ಮಿತಿಯಾದ ಅರವತ್ತಕ್ಕೆ ಇಳಿಸುವುದೆಂದರೆ ಜೀವ ಬಾಯಿಗೆ ಬರುತ್ತಿತ್ತು. ಹೋದ ಸಲ ತೂಕ ಕೊಟ್ಟು ಹೊರಗೆ ಬಂದವನು ಮೊಗಸಾಲೆಯಲ್ಲೇ ಕುಸಿದು ಬಿದ್ದಿದ್ದ. ಮೂತ್ರಪಿಂಡ ಕೈಕೊಟ್ಟ ಮೇಲೆ ನನ್ನ ಹತ್ತಿರ ಬರಬೇಡಿ ಎಂದು ಡಾಕ್ಟರು ಭಾವನನ್ನೂ ಸೇರಿಸಿಯೇ ಬೈದಿದ್ದರು. ಮೇಲಿನ ತೂಕದ ವರ್ಗಕ್ಕೆ ಹೋಗೋಣ ಭಾವ ಎಂದು ಕಡ್ಡಿ ಕೇಳಿಕೊಂಡಿದ್ದ. ಇದೊಂದೇ ಸಲ, ಇದನ್ನು ಗೆದ್ದರೆ ಚಾಂಪಿಯನ್ ಬೆಲ್ಟಿನ ಪಂದ್ಯ, ಆಮೇಲೆ ನೀನು ಹೇಳಿದ ಹಾಗೆ ಎಂದಿದ್ದ ಭಾವ. ಭಾವ ಹೇಳಿದ ಮೇಲೆ ಮುಗಿಯಿತು. ಕಡ್ಡಿ ಆ ಮನುಷ್ಯನನ್ನು ಕಣ್ಣು ಮುಚ್ಚಿಕೊಂಡು ನಂಬಿದ್ದ.

ಒಂಬತ್ತು ಗಂಟೆಗೆ ಸಭಾಂಗಣದಲ್ಲಿ ಅಧಿಕಾರಿಯ ಎದುರು ಚಡ್ಡಿಯಲ್ಲಿ ನಿಂತಾಗ ಯಂತ್ರ ಐವತ್ತೊಂಬತ್ತು ಮುಕ್ಕಾಲು ಕಿಲೋ ತೋರಿಸಿತು. ಜಿಮ್ಮಿನವರು ಚಪ್ಪಾಳೆ ತಟ್ಟಿದರು. ಭಾವ ಅವನನ್ನು ಬಾಚಿ ತಬ್ಬಿಕೊಂಡು, ಉಪ್ಪು ಸಕ್ಕರೆ ಕಲಸಿದ ನೀರಿನ ಬಾಟಲಿಯನ್ನು ಕೈಗಿಟ್ಟ. ಕಡ್ಡಿ ಮೊದಲ ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು ಕುರ್ಚಿಯ ಮೇಲೆ ಕೂತ. ಅಬ್ಬಾ, ಗೆದ್ದೆ ಅನ್ನಿಸಿತು.

ಆಮೇಲೆ ಎದುರಾಳಿ ಬಂದ. ಗೂಳಿ ಎಂದು ಕರೆಯುತ್ತಿದ್ದರು ಅವನನ್ನು. ಗೂಳಿಯ ಕೆನ್ನೆ ತುಂಬಿತ್ತು, ತುಟಿ ಒದ್ದೆಯಾಗಿತ್ತು; ಬರುತ್ತಾ ಬರುತ್ತಾ ಅರ್ಧ ಬಾಳೆಹಣ್ಣು ಬಾಯಿಗೆ ತುರುಕಿಕೊಂಡ. ತೂಕಕ್ಕೆ ಮುಂಚೆ ಹಣ್ಣು ತಿನ್ನುವ ಪುಣ್ಯಾತ್ಮನೂ ಇದ್ದಾನಲ್ಲ, ಪಾಪ, ಇವನ ಕತೆ ಮುಗಿಯಿತು ಎಂದು ಕಡ್ಡಿ ಒಳಗೊಳಗೇ ನಕ್ಕ. ಯಂತ್ರ ಅರವತ್ತೊಂದು ಮುಕ್ಕಾಲು ತೋರಿಸಿತು. ಅಧಿಕಾರಿ ತಲೆ ಎತ್ತದೆ ಬರೆದುಕೊಂಡು, ಸರಿ ಇದೆ, ಇಳೀರಿ ಎಂದರು.

ಕಣ್ಣು ಮಂಜಾದ ಅಧಿಕಾರಿ ಇರಬೇಕು ಎಂದುಕೊಂಡು ಕಡ್ಡಿ ಮೇಜಿನ ಹತ್ತಿರ ಹೋದ. ಅರವತ್ತು ದಾಟಿದೆ ಎಂದು ಮೆಲ್ಲಗೆ, ಮರ್ಯಾದೆಯಿಂದಲೇ ಹೇಳಿದ. ಅಧಿಕಾರಿ ಕನ್ನಡಕ ಮೂಗಿನ ತುದಿಗೆ ಸರಿಸಿ ಅವನನ್ನು ನೋಡಿದರು.

"ಅರವತ್ತೆರಡರ ಒಳಗೆ ಅಂತ ಎರಡೂ ಕಡೆಯವರು ಒಪ್ಪಿ ಹನ್ನೆರಡು ದಿನ ಆಯ್ತಲ್ಲಪ್ಪಾ. ನಿಮ್ಮ ಸೈನೇ ಇದೆ."

ಫೈಲಿನಿಂದ ತೆಗೆದು ತೋರಿಸಿದ ಕಾಗದದಲ್ಲಿ ಅವನದೇ ಸಹಿ ಇತ್ತು. ಕೊನೆಯ ಅಕ್ಷರದ ಮೇಲೆ ಬೆವರು ಬಿದ್ದು ಶಾಯಿ ಹರಡಿತ್ತು. ಅವನಿಗೆ ಆ ದಿನ ನೆನಪಿಗೆ ಬಂತು. ರಬ್ಬರಿನ ಅಂಗಿಯಲ್ಲಿ ಹಗ್ಗ ಹಾರುತ್ತಿದ್ದವನನ್ನು ನಿಲ್ಲಿಸಿ, ಡಾಕ್ಟರ ಕಾಗದ, ಇಲ್ಲೊಂದು ಸೈನ್ ಹಾಕು ಎಂದು ಭಾವ ಅದನ್ನು ಗೋಡೆಗೆ ಒತ್ತಿ ಹಿಡಿದಿದ್ದ. ಓದುವುದೇ? ಹದಿನೆಂಟು ವರ್ಷದಲ್ಲಿ ಭಾವ ಕೊಟ್ಟ ಯಾವ ಕಾಗದವನ್ನು ಅವನು ಓದಿದ್ದ? ಅವತ್ತು ಅವನ ತೂಕ ಅರವತ್ಮೂರು. ಇನ್ನೊಂದು ಕಿಲೋ ಇಳಿದಿದ್ದರೆ ಸಾಕಿತ್ತು. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಮಲಗಿದ್ದು, ನೀರಿಗಾಗಿ ಬಾಯಿ ಬಾಯಿ ಬಿಟ್ಟದ್ದು, ಎಂಜಲು ಉಗುಳಿದ್ದು, ಎಲ್ಲ ಯಾರಿಗೂ ಬೇಡವಾದ ಎರಡು ಕಿಲೋಗೆ!

ಭಾವನನ್ನು ಮೊಗಸಾಲೆಗೆ ಕರೆದು ಕೇಳಿದ. ಭಾವ ತಡವರಿಸಲೂ ಇಲ್ಲ. ಗೂಳಿ ಅರವತ್ತಕ್ಕೆ ಇಳಿಯುವ ಹಾಗಿರಲಿಲ್ಲವಂತೆ, ನಾವು ಒಪ್ಪದಿದ್ದರೆ ನಿನ್ನ ಜಾಗಕ್ಕೆ ಬೇರೊಬ್ಬನನ್ನು ಹಾಕುತ್ತಿದ್ದರಂತೆ.

"ಒಪ್ಪಿದ್ದಕ್ಕೆ ನಾನೇನೂ ಅನ್ನಲ್ಲ ಭಾವ. ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಸಡಿಲ ಬಿಡ್ತಿದ್ದೆ ಕಣೋ. ನೀನು ಹಸಿದಿದ್ರೇನೇ ಚುರುಕು. ನಿನ್ನ ನಾನು ಇವತ್ತಿಂದ ನೋಡ್ತಾ ಇದೀನಾ?"

ಒಂದು ಸುಳ್ಳಾದರೂ ಹೇಳಬಾರದಿತ್ತೇ ಈ ಮನುಷ್ಯ! ಮರೆತುಹೋಯಿತು ಅಂದಿದ್ದರೂ ಕಡ್ಡಿ ನಂಬಿಬಿಡುತ್ತಿದ್ದನೋ ಏನೋ. ಭಾವ ಮಾತ್ರ ತಾನು ಮಾಡಿದ್ದು ಜಾಣತನ ಎಂಬ ಮುಖದಲ್ಲೇ, ಬಾಟಲಿ ಖಾಲಿ ಮಾಡು, ಇನ್ನೂ ಎರಡು ಲೀಟರ್ ಕುಡಿಯೋದಿದೆ ಎಂದು ಬೆನ್ನು ತಟ್ಟಿದ. ಅದೇ ಕೈ ಬೆನ್ನ ಮೇಲಿದ್ದಾಗ ಕಡ್ಡಿಗೆ ಮೈಯೆಲ್ಲ ಉರಿಯಿತು.

ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಫೋನು ಮಾಡಿದ. ಲೋಕದಲ್ಲಿ ಹೇಳಿಕೊಳ್ಳುವುದಕ್ಕೆ ಅವನಿಗೆ ಇನ್ನೊಬ್ಬರಿರಲಿಲ್ಲ. ನೀರು ಕುಡಿದ್ಯಾ ಎಂದು ಅವಳು ಮೊದಲು ಕೇಳಿದಳು. ಅವನು ಒಂದೇ ಉಸಿರಿಗೆ ಎಲ್ಲ ಹೇಳಿದ: ಕಾಗದ, ಸಹಿ, ಅರವತ್ತೆರಡು. ಅಕ್ಕ ಅಯ್ಯೋ ಎನ್ನಲಿಲ್ಲ. ಗಂಡನಿಗೆ ಬೈಯಲೂ ಇಲ್ಲ. ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು ಮಾತ್ರ ಕೇಳಿಸಿತು.

"ಅಕ್ಕ, ನಿಂಗೆ ಗೊತ್ತಿತ್ತಾ?"

"ಹೇಳ್ಬೇಡ ಅಂದಿದ್ರು ಕಣೋ."

ಹನ್ನೆರಡು ದಿನ ಅವನ ತಟ್ಟೆಯನ್ನು ತೂಗಿ ಬಡಿಸಿದವಳು ಅವಳೇ. ಮೊನ್ನೆ ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ಬೇಯಿಸಿದ ತರಕಾರಿ ಹತ್ತು ಗ್ರಾಂ ಹೆಚ್ಚು ತೋರಿಸಿದ್ದಕ್ಕೆ, ಅವನ ಮುಖ ನೋಡದೆ, ಒಂದು ಚೂರು ಕ್ಯಾರೆಟ್ಟನ್ನು ಬೆರಳಲ್ಲಿ ಎತ್ತಿ ವಾಪಸ್ಸು ಪಾತ್ರೆಗೆ ಹಾಕಿದ್ದಳು. ಅಕ್ಕನಿಗೆ ತನ್ನ ಹಸಿವು ನೋಡಲಾಗುತ್ತಿಲ್ಲ ಎಂದು ಆಗ ಅವನಿಗೇ ಕರುಳು ಚುರ್ ಎಂದಿತ್ತು. ಈಗ ಅವಳು ಅಳುತ್ತಾ ಏನೋ ಹೇಳುತ್ತಿದ್ದಳು. ಅವನು ಫೋನು ಇಟ್ಟ. ಬಾಟಲಿ ಎತ್ತಿ ನೀರು ಪೂರ್ತಿ ಕುಡಿದ. ಮೈ ಅವನದು, ಅದು ಯಾರ ಮೇಲೂ ಮುನಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಪಂದ್ಯ ಬಿಟ್ಟು ಹೋಗಿಬಿಡಲೇ ಎಂದು ರಾತ್ರಿಯೆಲ್ಲ ಯೋಚಿಸಿದ್ದೇನೋ ನಿಜ. ಆದರೆ ಬೆಲ್ಟಿಗೆ ಒಂದೇ ಮೆಟ್ಟಿಲು. ಹದಿನೆಂಟು ವರ್ಷ ಮೈ ಸವೆಸಿದ್ದು ತಾನೇ ಹೊರತು ಭಾವನಲ್ಲ. ಮರುದಿನ ಸಂಜೆ ಬಟ್ಟೆ ಬದಲಿಸುವ ಕೋಣೆಗೆ ಅವನೇ ಮೊದಲು ಬಂದು ಬೆಂಚಿನ ಮೇಲೆ ಕೂತ. ಪಂದ್ಯಕ್ಕೆ ಮುಂಚೆ ಬಾಕ್ಸರನ ಕೈಗೆ ಪಟ್ಟಿ ಸುತ್ತುವವನು ತರಬೇತುದಾರ. ತನ್ನ ಕೈಗೆ ತಾನೇ ಸುತ್ತಿಕೊಂಡು ಅಖಾಡಕ್ಕೆ ಇಳಿದವನನ್ನು ಆ ಕೋಣೆಯಲ್ಲಿದ್ದವರು ಯಾರೂ ಕಂಡಿರಲಿಲ್ಲ. ಭಾವ ಎಂದಿನಂತೆ ಕುರ್ಚಿಯನ್ನು ತಿರುಗಿಸಿ ಹಾಕಿ ಕೂತು, ಅದರ ಬೆನ್ನ ಮೇಲೆ ಟವೆಲು ಹಾಸಿ, ಕೊಡು ಎಂದು ಎರಡೂ ಕೈ ಚಾಚಿದ.

ಕಡ್ಡಿ ಚೀಲದಿಂದ ಪಟ್ಟಿಯ ಸುರುಳಿ ತೆಗೆದು ತನ್ನ ಎಡಗೈಗೆ ಸುತ್ತತೊಡಗಿದ. ಎಡಗೈ ಸಲೀಸಾಗಿ ಮುಗಿಯಿತು. ಬಲಗೈ ಹಟ ಹಿಡಿಯಿತು; ಎರಡು ಸಲ ಬಿಚ್ಚಿ ಮತ್ತೆ ಸುತ್ತಿದ. ಸುತ್ತಿದ ಪಟ್ಟಿಯನ್ನು ಪರೀಕ್ಷಿಸಿ ಅದರ ಮೇಲೆ ಸಹಿ ಹಾಕಲು ಬಂದ ಅಧಿಕಾರಿ ಅವನ ಬಲಮುಷ್ಟಿಯನ್ನು ಒತ್ತಿ ನೋಡಿ, ಯಾರು ಸುತ್ತಿದ್ದು ಎಂದು ಕೇಳಿದರು.

"ನಾನೇ, ಸಾರ್."

ಸಡಿಲ ಇದೆ, ಬೆರಳು ಮುರೀತದೆ, ಅವರ ಕೈಲಿ ಸುತ್ತಿಸ್ಕೊಳ್ಳಿ ಎಂದು ಅಧಿಕಾರಿ ಭಾವನ ಕಡೆ ತೋರಿಸಿದರು. ಕಡ್ಡಿ ಒಂದು ನಿಮಿಷ ಕೊಡಿ ಎಂದ. ಪಟ್ಟಿಯ ತುದಿಯನ್ನು ಹಲ್ಲಲ್ಲಿ ಕಚ್ಚಿ, ಕತ್ತಿನ ನರ ಉಬ್ಬುವ ಹಾಗೆ ಎಳೆಯತೊಡಗಿದ. ಎದುರಿಗೆ ಕುರ್ಚಿಯ ಬೆನ್ನ ಮೇಲೆ ಭಾವನ ಎರಡು ಕೈಗಳು ಅಂಗೈ ಮೇಲಾಗಿ ಹಾಗೇ ಇದ್ದವು.