ಎಂಬತ್ತೇಳನೆಯ ಹಾಳೆಯ ಹಕ್ಕಿ

ಬೆಳಗಿನಿಂದ ನಾನು ಒಂದು ಕಡೆ ನಿಂತವಳಲ್ಲ, ಕೂತವಳಲ್ಲ. ಕುರ್ಚಿ ಎಳೆದು ಕೂರುತ್ತಿದ್ದೆ, ಮರುಗಳಿಗೆ ಎದ್ದು ಕಿಟಕಿಗೆ ಹೋಗುತ್ತಿದ್ದೆ. ಎರಡು ಲೋಟ ಚಹಾ ಕುಡಿಯದೆ ಆರಿಹೋದವು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗೆ. ಆದರೆ ಕಳ್ಳತನದ ಆರೋಪ ಇದ್ದದ್ದು ನನ್ನ ಮೇಲಲ್ಲ.

ಗ್ರಂಥಾಲಯವೊಂದರಲ್ಲಿ ಹಸ್ತಪ್ರತಿಗಳ ವಿವರಣೆ ಬರೆಯುವ ಕೆಲಸ ನನ್ನದು. ಐನೂರು ಆರುನೂರು ವರ್ಷ ಹಳೆಯ ಚರ್ಮದ ಹಾಳೆಯ ಪುಸ್ತಕ ಮುಂದಿಟ್ಟುಕೊಂಡು, ಹಾಳೆ ಎಷ್ಟು, ಸಾಲು ಎಷ್ಟು, ಮೊದಲ ಅಕ್ಷರಕ್ಕೆ ಕೆಂಪೋ ನೀಲಿಯೋ, ಚಿನ್ನದ ರೇಕು ಎಲ್ಲೆಲ್ಲಿ ಉದುರಿದೆ, ಅಂಚಿನ ಬಳ್ಳಿಯೊಳಗೆ ಯಾವ ಪ್ರಾಣಿ ಅಡಗಿ ಕೂತಿದೆ ಎಂದು ಬರೆಯಬೇಕು. ನಿಯಮ ಒಂದೇ: ಕಣ್ಣಾರೆ ಕಂಡದ್ದನ್ನು ಮಾತ್ರ ಬರೆ. ಹದಿನೆಂಟು ವರ್ಷದಿಂದ ಹೊಸಬರ ತಲೆಗೆ ಇದನ್ನು ತುಂಬಿದವಳೇ ನಾನು!

ಹೋದ ವಾರ ಗಿಡಮೂಲಿಕೆಗಳ ಪುಸ್ತಕವೊಂದನ್ನು ಪ್ರದರ್ಶನಕ್ಕೆಂದು ತೆರೆದಾಗ ಎಂಬತ್ತೇಳನೆಯ ಹಾಳೆಯೇ ಇರಲಿಲ್ಲ. ಮೂರು ವರ್ಷದ ಹಿಂದಿನ ನನ್ನ ವಿವರಣೆಯಲ್ಲಿ ಮಾತ್ರ ಇತ್ತು: 'ಇಡೀ ಪುಟದ ಚಿತ್ರ. ಚಿನ್ನದ ಹಿನ್ನೆಲೆಯಲ್ಲಿ ದಾಳಿಂಬೆ ಮರ. ಕೊಂಬೆಯ ಮೇಲೊಂದು ಹಕ್ಕಿ. ಕಣ್ಣಿಗೆ ಕೆಂಪು ಚುಕ್ಕಿ.' ಅದೇ ವರ್ಷ ಕಪಾಟಿನ ಬೀಗದ ಕೈ ನಮ್ಮ ಅಟೆಂಡರಿಗೆ ಬಂದಿತ್ತು. ಅಲ್ಲಿಗೆ ಲೆಕ್ಕ ಸರಿಹೋಯಿತು. ಅವರನ್ನು ಮನೆಗೆ ಕಳಿಸಿದರು. ಇವತ್ತು ವಿಚಾರಣೆ, ಆಮೇಲೆ ಪೊಲೀಸರಿಗೆ ದೂರು.

ಸತ್ಯ ಏನೆಂದರೆ, ಆ ಹಾಳೆಯನ್ನು ನಾನು ನೋಡಿರಲೇ ಇಲ್ಲ.

ಆ ವಿವರಣೆ ಬರೆಯುತ್ತಿದ್ದ ದಿನ ತಂಗಿ ಗೇಟಿನ ಬಳಿ ನಿಂತು ಫೋನಿನ ಮೇಲೆ ಫೋನು ಮಾಡುತ್ತಿದ್ದಳು. "ಬೇಗ ಬಾರೇ ಅಕ್ಕಾ, ಮನೆ ಓನರ್ ಹೊರಟುಬಿಡ್ತಾರೆ!" ಅವಳಿಗೆ ಬಾಡಿಗೆ ಮನೆ ನೋಡಬೇಕಿತ್ತು. ಕೊನೆಯ ಹತ್ತು ಹಾಳೆ ತಿರುವುವ ತಾಳ್ಮೆ ನನಗಿರಲಿಲ್ಲ. ನನಗೆ ಈ ಕೆಲಸ ಕಲಿಸಿದ ಗುರುಗಳು ಎಷ್ಟೋ ವರ್ಷದ ಹಿಂದೆ ಮಾಡಿಟ್ಟಿದ್ದ ಪಟ್ಟಿಯಿಂದ ಭಟ್ಟಿ ಇಳಿಸಿದೆ. ಅಷ್ಟಕ್ಕೇ ಸುಮ್ಮನಿದ್ದೆನೇ? ನಕಲೆಂದು ಗೊತ್ತಾಗಬಾರದಲ್ಲ, ಹಕ್ಕಿಯ ಕಣ್ಣಿಗೆ ಚುಕ್ಕಿ ನಾನೇ ಇಟ್ಟೆ. ಎಂಥ ಹಾಳು ಬುದ್ಧಿ ನನ್ನದು!

ಇವತ್ತು ಬೆಳಿಗ್ಗೆ ತಂಗಿಗೆ ಇದನ್ನು ಹೇಳಿದ್ದಕ್ಕೆ ಗದರಿಸಿದಳು. "ಬಾಯಿ ಮುಚ್ಕೊಂಡಿರು. ಇದೊಂದು ಸುಳ್ಳು ಅಂದ್ರೆ ನೀನು ಬರೆದಿದ್ದೆಲ್ಲಾ ಸುಳ್ಳು ಅಂತಾರೆ."

ವಿಚಾರಣೆಯ ಕೋಣೆಯಲ್ಲಿ ಅಟೆಂಡರ್ ಗೋಡೆಗೆ ಅಂಟಿಕೊಂಡು ನಿಂತಿದ್ದರು. ನಿರ್ದೇಶಕರು ನನ್ನ ವಿವರಣೆಯನ್ನೇ ಗಟ್ಟಿಯಾಗಿ ಓದಿ ಅವರತ್ತ ತಿರುಗಿದರು.

"ಕಣ್ಣಿಗೆ ಕೆಂಪು ಚುಕ್ಕಿ ಇತ್ತಂತೆ. ನೋಡದೇ ಇರೋರು ಹೀಗೆ ಬರೀತಾರೇನ್ರೀ?"

ಎದ್ದು ನಿಂತೆ.

"ಸರ್, ಆ ಹಾಳೆ ನಾನು ನೋಡೇ ಇಲ್ಲ. ಹಳೇ ಪಟ್ಟಿ ನೋಡಿ ಬರೆದೆ. ಚುಕ್ಕಿ ನನ್ನ ಕೈಚಳಕ. ಹಾಳೆ ಯಾವಾಗ ಹೋಯ್ತೋ ದೇವರೇ ಬಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ಉಳಿದ ಆರುನೂರು ವಿವರಣೆ?"

"ಅವನ್ನೆಲ್ಲಾ ನೋಡಿದ್ದೀನಿ ಸರ್."

ಯಾರೂ ನಂಬಲಿಲ್ಲ. ಎಲ್ಲವನ್ನೂ ಬೇರೆಯವರು ಮತ್ತೆ ಪರಿಶೀಲಿಸಬೇಕು, ಅಲ್ಲಿಯವರೆಗೆ ನಾನು ಒಂದು ಪುಸ್ತಕವನ್ನೂ ಮುಟ್ಟಬಾರದು ಎಂದಾಯಿತು. ಅಟೆಂಡರಿಗೆ ನಾಳೆಯಿಂದ ಕೆಲಸಕ್ಕೆ ಬನ್ನಿ ಎಂದರು.

ಹೊರಗೆ ಪಡಸಾಲೆಯಲ್ಲಿ ಅಟೆಂಡರ್ ನನ್ನ ಹಿಂದೆಯೇ ಬಂದರು. ಬಾಯಿಗೆ ಬಂದಂತೆ ಬೈದುಬಿಡಲಿ ಎಂದು ಕಾದೆ.

"ನನ್ನ ಕ್ಷಮಿಸಿಬಿಡಿ ಅಣ್ಣಾ," ಎಂದೆ.

"ನೀವು ಬರೆದಿದ್ದು ಸುಳ್ಳಾಗಲ್ಲ ಅಂತ ನಂಬಿದ್ದೆ ಮೇಡಂ," ಎಂದರು. "ಅದಕ್ಕೇ ಮನೆಯೆಲ್ಲಾ ಹುಡುಕಿದೆ. ಪೆಟ್ಟಿಗೆ, ಹಾಸಿಗೆ, ಅಟ್ಟ, ಎಲ್ಲಾ. ಮಗಳು ದಿನಾ ನನಗೆ ಇಲ್ಲಿಗೇ ಊಟ ತರ್ತಿದ್ಲಲ್ಲ? ನೀನೇ ತಗೊಂಡ್ಯಾ, ನಿಜ ಹೇಳು ಅಂತ ಅವಳ ಮೇಲೆ ಕೈ ಎತ್ತಿಬಿಟ್ಟೆ."